ಬಿಳಿಯದು ಪುಷ್ಪಪಾತ್ರೆ, ಕೆಂಪಗಿರುವುದು ದಳ: ಕ್ಲೀರೊಡೆಂಡ್ರಮ್ ಥಾಮ್ಸೋನಿಯೆ

ಪ್ರಶ್ನೆ: ಮಾನ್ಯರೇ, ನಮ್ಮ ಗೇಟಿನ ಕಮಾನಿಗೆ ಹಬ್ಬಿಸಿರುವ ಬಳ್ಳಿಯಲ್ಲಿ ಬಿಳಿ ಹೂವಿನ ಬಾಯಿಂದ ಕೆಂಪು ಹೂವೊಂದು ಹೊರಬರುತ್ತದೆ. ನರ್ಸರಿಯವರು ಅದನ್ನು ಬ್ಲೀಡಿಂಗ್ ಹಾರ್ಟ್ ಎಂದು ಹೇಳಿ ಕೊಟ್ಟರು. ನಾನು ಬಿ.ಎಸ್ಸಿ. ಓದುವಾಗ ಕ್ಲೀರೊಡೆಂಡ್ರಮ್ ಕುಲ ವರ್ಬಿನೇಸಿ ಕುಟುಂಬದಲ್ಲಿತ್ತು, ಮಗಳ ಪಠ್ಯದಲ್ಲಿ ಲೇಮಿಯೇಸಿ ಎಂದಿದೆ. ಯಾವುದು ಸರಿ?

ಉತ್ತರ: ನಿಮ್ಮ ಗಿಡ ಕ್ಲೀರೊಡೆಂಡ್ರಮ್ ಥಾಮ್ಸೋನಿಯೆ, ಪಶ್ಚಿಮ ಆಫ್ರಿಕದ ಉಷ್ಣವಲಯದ ಕಾಡಿನದು. ಇದಕ್ಕೆ ಕುಡಿಬಳ್ಳಿಗಳಿಲ್ಲ, ಕಾಂಡವೇ ಆಸರೆಯನ್ನು ಸುತ್ತಿಕೊಂಡು ಮೂರು ನಾಲ್ಕು ಮೀಟರ್ ಏರುವುದರಿಂದ ಇದನ್ನು ಹಬ್ಬುವ ಪೊದೆ ಎನ್ನುವುದೇ ಸರಿ. ಎಲೆಗಳು ಎದುರುಬದುರಾಗಿದ್ದು, ಅಂಡಾಕಾರದಲ್ಲಿ, ತುದಿ ಚೂಪಾಗಿರುತ್ತವೆ. ನೀವು ಬಿಳಿ ಹೂವೆಂದುಕೊಂಡದ್ದು ಐದು ಏಣುಗಳಿರುವ, ಉಬ್ಬಿದ ಪುಷ್ಪಪಾತ್ರೆ, ಅಂದರೆ ಹೂವಿನ ಹೊರಕವಚ. ಅದರೊಳಗಿಂದ ಸಪೂರ ಕೊಳವೆಯಾಗಿ ಹೊರಟು ಐದು ಎಸಳಾಗಿ ಅರಳುವ ಕಡುಗೆಂಪು ಭಾಗವೇ ದಳವೃತ್ತ. ನಾಲ್ಕು ಕೇಸರಗಳೂ ಶಲಾಕೆಯೂ (ಹೆಣ್ಣು ಭಾಗದ ಸಪೂರ ದಂಡ) ಅದರಾಚೆಗೆ ಉದ್ದಕ್ಕೆ ಚಾಚಿರುತ್ತವೆ. ದಳ ಉದುರಿದ ಮೇಲೂ ಪಾತ್ರೆ ಉಳಿದು ಕಾಯಿಯನ್ನು ಸುತ್ತಿಕೊಂಡಿರುತ್ತದೆ.

ಇದನ್ನು 1862ರಲ್ಲಿ ವರ್ಣಿಸಿದವರು ಎಡಿನ್‌ಬರೊದ ಜಾನ್ ಹಟನ್ ಬಾಲ್ಫರ್. ಇಂದಿನ ನೈಜೀರಿಯಾದ ಓಲ್ಡ್ ಕ್ಯಾಲಬಾರ್‌ನಲ್ಲಿದ್ದ ಪಾದ್ರಿ ವಿಲಿಯಂ ಕೂಪರ್ ಥಾಮ್ಸನ್ ಅವರ ಪತ್ನಿಯ ಹೆಸರನ್ನು ಗಿಡಕ್ಕೆ ಇಟ್ಟದ್ದರಿಂದಲೇ ಕೊನೆಯಲ್ಲಿ ಲ್ಯಾಟಿನ್ನಿನ ಸ್ತ್ರೀಲಿಂಗ ಪ್ರತ್ಯಯವಿದೆ. ಅನೇಕ ಫಲಕಗಳಲ್ಲಿ ಅದನ್ನು 'ಥಾಮ್ಸೋನಿ' ಎಂದು ಪುಲ್ಲಿಂಗಕ್ಕೆ ತಿದ್ದಿರುವುದು ತಪ್ಪು.

ಇನ್ನು ಕುಟುಂಬದ ವಿಷಯ. ನೀವು ಕಲಿತದ್ದು ಆ ಕಾಲದ ವರ್ಗೀಕರಣ; ಈಗಿನದು ತುಳಸಿಯ ಕುಟುಂಬವಾದ ಲೇಮಿಯೇಸಿ. ತೇಗ, ಲಕ್ಕಿ ಗಿಡಗಳೂ ಇದೇ ರೀತಿ ವರ್ಬಿನೇಸಿಯಿಂದ ಇಲ್ಲಿಗೆ ಬಂದವು, ಲಂಟಾನ ಮಾತ್ರ ಅಲ್ಲೇ ಉಳಿಯಿತು. ಡಿಎನ್‌ಎ ಅಧ್ಯಯನಗಳಿಗೆ ಮೊದಲೇ ಹೂಗೊಂಚಲು ಇದರ ಸುಳಿವು ಕೊಟ್ಟಿತ್ತು: ಲಂಟಾನದಲ್ಲಿ ಹೊರಸುತ್ತಿನ ಹೂಗಳು ಮೊದಲು ಅರಳಿ ನಡುವಿನ ಮೊಗ್ಗುಗಳು ಕಡೆಗೆ ಅರಳುತ್ತವೆ, ನಿಮ್ಮ ಬಳ್ಳಿಯಲ್ಲಾದರೋ ಪ್ರತಿ ಕವಲಿನ ನಡುವಿನ ಹೂವು ಮೊದಲು ಅರಳಿ ಅಕ್ಕಪಕ್ಕದವು ಅದರ ಹಿಂದೆ ಬರುತ್ತವೆ. ಇದಕ್ಕೆ ಸೂಕ್ಷ್ಮದರ್ಶಕ ಬೇಡ, ಒಂದು ವಾರ ದಿನವೂ ಗಮನಿಸಿದರೆ ಸಾಕು.

ಮತ್ತೊಬ್ಬ ಸದಸ್ಯರ ಪ್ರಶ್ನೆ: ನಮ್ಮಲ್ಲಿರುವುದರ ಪಾತ್ರೆ ಗುಲಾಬಿ ಬಣ್ಣದ್ದು. ಅದು ಬೇರೆ ಪ್ರಭೇದವೇ? ಗಂಟುಭಾರಂಗಿಯೂ ಇದೇ ಕುಲದ್ದಲ್ಲವೇ?

ಉತ್ತರ: ಥಾಮ್ಸೋನಿಯೆಯ ಬಿಳಿ ಪಾತ್ರೆಯೂ ಹಳತಾದಂತೆ ಗುಲಾಬಿ ಛಾಯೆಗೆ ತಿರುಗುವುದರಿಂದ, ಮೊಗ್ಗನ್ನು ನೋಡದೆ ತೀರ್ಮಾನಿಸಬೇಡಿ. ಮೊಗ್ಗಿನಲ್ಲಿಯೇ ಗುಲಾಬಿಯಾಗಿದ್ದರೆ ಅದು ಬಹುಪಾಲು ಸ್ಪೀಸಿಯೋಸಮ್, ಅಂದರೆ ಥಾಮ್ಸೋನಿಯೆಯನ್ನು ಆಫ್ರಿಕದ್ದೇ ಆದ ಸ್ಪ್ಲೆಂಡೆನ್ಸ್ ಎಂಬ ಕೆಂಪು ಹೂವಿನ ಪ್ರಭೇದದೊಂದಿಗೆ ಕೂಡಿಸಿ ಪಡೆದ ಮಿಶ್ರತಳಿ. ಗಂಟುಭಾರಂಗಿ ಹಿಂದೆ ಕ್ಲೀರೊಡೆಂಡ್ರಮ್ ಕುಲದಲ್ಲಿತ್ತು ನಿಜ, ಆದರೆ 1998ರಲ್ಲಿ ರೋಥೆಕಾ ಎಂಬ ಹಳೆಯ ಕುಲವನ್ನು ಪುನಃ ಎತ್ತಿಹಿಡಿದ ಮೇಲೆ ಅದರ ಹೆಸರು ರೋಥೆಕಾ ಸೆರೇಟಾ. ಕುಟುಂಬ ಮಾತ್ರ ಎರಡಕ್ಕೂ ಲೇಮಿಯೇಸಿಯೇ.