ಶಿರಸಿಯಲ್ಲಿ 38 ಸಾವಿರ ಸಂಬಳ, ಬೆಂಗಳೂರಿಂದ 14 ಲಕ್ಷದ ಆಫರ್. ಹೋಗಬೇಕಾ?

ತೋಟದಂಚು:
ನನಗೆ 36 ವರ್ಷ. ಶಿರಸಿ ಪೇಟೆಯಲ್ಲಿ ಒಂದು ಸಣ್ಣ ಕಂಪನಿಯಲ್ಲಿದ್ದೇನೆ. ಸಹಕಾರಿ ಸಂಘಗಳಿಗೆ ಲೆಕ್ಕಪತ್ರದ ಸಾಫ್ಟ್‌ವೇರ್ ಮಾಡಿಕೊಡುವ ಕೆಲಸ. ತಿಂಗಳಿಗೆ 38 ಸಾವಿರ ಕೈಗೆ ಬರುತ್ತದೆ. ಮನೆ ಪೇಟೆಯಿಂದ ಅರ್ಧ ಗಂಟೆ ದೂರ, ಸ್ವಂತದ್ದು. ಅಪ್ಪನ ಹೆಸರಲ್ಲಿ ಒಂದೂವರೆ ಎಕರೆ ಅಡಿಕೆ ತೋಟ ಇದೆ. ಸಂಜೆ ಆರಕ್ಕೆಲ್ಲ ಮನೆಗೆ ಬಂದಿರುತ್ತೇನೆ, ಮಗಳು ಊರಿನ ಸರ್ಕಾರಿ ಶಾಲೆಯಲ್ಲಿ ಎರಡನೇ ಕ್ಲಾಸು, ಅಕ್ಕಿ ಮತ್ತೆ ಅಡುಗೆ ಎಣ್ಣೆ ಬಿಟ್ರೆ ಅಂಗಡಿಯಿಂದ ತರುವ ಸಾಮಾನು ಕಡಿಮೆ, ಸಾಲ ಇಲ್ಲ, ತಾಳಮದ್ದಲೆ ಇದ್ದ ದಿನ ಹೋಗಿ ಕೂತು ಬರ್ತೇನೆ. ತಿಂಗಳಿಗೆ 15 ಸಾವಿರದ ತನಕ ಉಳಿಯುತ್ತದೆ.

ಈಗ ಬೆಂಗಳೂರಿನ ಒಂದು ಕಂಪನಿಯಿಂದ 14 ಲಕ್ಷದ ಸಿಟಿಸಿ (ವರ್ಷಕ್ಕೆ ಕಂಪನಿ ನನಗಾಗಿ ಮಾಡುವ ಒಟ್ಟು ಖರ್ಚು) ಆಫರ್ ಬಂದಿದೆ. ಆಫೀಸು ವೈಟ್‌ಫೀಲ್ಡ್. ಕೇಳಿದವರೆಲ್ಲ "ಇದನ್ನೂ ಯೋಚನೆ ಮಾಡ್ತೀಯಾ ಮಾರಾಯ" ಅಂತಾರೆ. ನನಗೆ ಹೋಗಬೇಕು ಅಂತ ಆಸೆ ಇಲ್ಲ, ಬಿಡಲೂ ಧೈರ್ಯ ಇಲ್ಲ. ಹೀಗೆ ಹೋದವರು, ಹೋಗದೆ ಉಳಿದವರು ಯಾರಾದ್ರೂ ಇದ್ರೆ ಹೇಳಿ.

ಲೆಕ್ಕದಭಟ್ಟ:
14 ಲಕ್ಷವನ್ನು 12ರಿಂದ ಭಾಗಿಸಿ ತಿಂಗಳಿಗೆ 1.16 ಲಕ್ಷ ಅಂದುಕೊಂಡಿದ್ರೆ ಮೊದಲು ಅದನ್ನು ಮರೆತುಬಿಡಿ. ಬೇಸಿಕ್ (ಮೂಲ ವೇತನ) ಅರ್ಧ, ಅಂದ್ರೆ 7 ಲಕ್ಷ ಅಂತ ಇಟ್ಟುಕೊಳ್ಳಿ. ಪಿಎಫ್‌ಗೆ ಅದರ 12 ಪರ್ಸೆಂಟ್ ನಿಮ್ಮದು, 12 ಪರ್ಸೆಂಟ್ ಕಂಪನಿಯದ್ದು. ಕಂಪನಿಯ ಪಾಲನ್ನೂ ಸಿಟಿಸಿ ಒಳಗೇ ಸೇರಿಸಿರ್ತಾರೆ. ಅಲ್ಲಿಗೆ 1.68 ಲಕ್ಷ ಹೋಯ್ತು. ಗ್ರ್ಯಾಚುಯಿಟಿ (ಕೆಲಸ ಬಿಡುವಾಗ ಕೊಡುವ ಇಡಿಗಂಟು) ಅಂತ ಸುಮಾರು 34 ಸಾವಿರ. ವೇರಿಯಬಲ್ (ಕೆಲಸ ನೋಡಿ ಕೊಡುವ ಪಾಲು) 10 ಪರ್ಸೆಂಟ್ ಇದ್ರೆ 1.4 ಲಕ್ಷ, ಅದು ವರ್ಷದ ಕೊನೆಗೆ, ಅದೂ ಅವರ ಮನಸ್ಸು ಬಂದಷ್ಟು. ಉಳಿದದ್ದು ತಿಂಗಳಿಗೆ 88 ಸಾವಿರ. ಟ್ಯಾಕ್ಸಿನ ಭಯ ಬೇಡ. 2025-26ರಿಂದ ಹೊಸ ಪದ್ಧತಿಯಲ್ಲಿ ಸಂಬಳದವರಿಗೆ 12.75 ಲಕ್ಷದ ತನಕ ತೆರಿಗೆ ಇಲ್ಲ, ಸ್ವಲ್ಪ ದಾಟಿದ್ರೆ ದಾಟಿದಷ್ಟಕ್ಕೆ ಮಾತ್ರ ಪೆಟ್ಟು. ಕೆಲವು ಕಂಪನಿಗಳು ಪಿಎಫ್ ತಿಂಗಳಿಗೆ 1800 ಮಾತ್ರ ಹಿಡೀತಾವೆ. ಹಾಗಿದ್ರೆ ಕೈಗೆ ಜಾಸ್ತಿ ಬರುತ್ತೆ. ಆಫರ್‌ನ ಕೊನೆಯ ಪುಟದ ಟೇಬಲ್ ನೋಡಿ.

ಈಗ ಖರ್ಚು. ಆ ಕಡೆ ಎರಡು ಬೆಡ್‌ರೂಮಿನ ಮನೆಗೆ ಮೇಂಟೆನೆನ್ಸ್ ಸೇರಿ 32-35 ಸಾವಿರ, ಜೊತೆಗೆ ಐದಾರು ತಿಂಗಳ ಅಡ್ವಾನ್ಸ್. ಮಗಳ ಶಾಲೆ, ವ್ಯಾನು ಅಂತ ತಿಂಗಳಿಗೆ 10 ಸಾವಿರ ಹಿಡಿಯಿರಿ. ಹಾಲು, ತರಕಾರಿ, ಗ್ಯಾಸು, ಓಡಾಟ, ಊರಿಗೆ ಬಂದುಹೋಗುವ ಬಸ್ಸು. ತಿಂಗಳಿಗೆ 20 ಸಾವಿರ ಉಳಿದ್ರೆ ಪುಣ್ಯ. ನೀವು ಈಗಲೇ 15 ಉಳಿಸ್ತಿದ್ದೀರಿ! ಪಿಎಫ್ ದುಡ್ಡು ಬೇರೆ ಜಮಾ ಆಗುತ್ತೆ, ಅದು ಸಣ್ಣದಲ್ಲ, ಅದನ್ನೂ ಹೇಳಬೇಕು.

ಕಾಳಿತೀರ:
ಮೇಲಿನ ಲೆಕ್ಕ ಸರಿ ಇದೆ, ಆದ್ರೆ ಅದು ಮೊದಲ ವರ್ಷದ ಲೆಕ್ಕ. ಬೆಂಗಳೂರಲ್ಲಿ ಎರಡು-ಮೂರು ವರ್ಷ ಆದಮೇಲೆ ಕಂಪನಿ ಬದಲಿಸಿದ್ರೆ ಸಂಬಳ ಎಲ್ಲಿಗೋ ಹೋಗುತ್ತೆ. ಶಿರಸಿಯಲ್ಲಿ 38 ಸಾವಿರ 45 ಆಗೋಕೆ ಎಷ್ಟು ವರ್ಷ ಬೇಕು ಅಂತ ನಿಮಗೇ ಗೊತ್ತು.

ನಾನು ಕಾರವಾರದವನು. ನಮ್ಮಲ್ಲಿ ತುಂಬಾ ಜನ ಬೆಳಿಗ್ಗೆ ರೈಲೋ ಬಸ್ಸೋ ಹಿಡಿದು ಗೋವಾಕ್ಕೆ ಹೋಗಿ ರಾತ್ರಿ ಮನೆಗೆ ಬರ್ತಾರೆ. ನಾನೂ ಮಡಗಾಂವ್‌ಗೆ ಹೋಗಿಬರ್ತೇನೆ. ಸುಸ್ತಾಗುತ್ತೆ, ಮಳೆಗಾಲದಲ್ಲಂತೂ ಕೇಳ್ಬೇಡಿ, ಆದ್ರೆ ಅಮ್ಮ ಮಾಡಿದ ಮೀನು ಸಾರು ಬಿಟ್ಟಿಲ್ಲ. ಘಟ್ಟದ ಮೇಲಿನವರಿಗೆ ಈ ದಾರಿ ಇಲ್ಲ, ಹುಬ್ಬಳ್ಳಿಯೇ ನೂರು ಕಿಲೋಮೀಟರ್. ಅದಕ್ಕೇ ನಿಮಗೆ ಪೂರ್ತಿ ಹೋಗೋದು, ಇಲ್ಲಾಂದ್ರೆ ಪೂರ್ತಿ ಇರೋದು, ಎರಡೇ ಕಾಣ್ತಿದೆ.

ಅಪ್ಪೆಮಿಡಿ:
ನಾನು ಸಿದ್ದಾಪುರದ ಕಡೆಯವಳು, ಮದುವೆಯಾಗಿ ಬಂದದ್ದೂ ತೋಟದ ಮನೆಗೇ. ಒಂದು ನೇರ ಪ್ರಶ್ನೆ. ನೆಮ್ಮದಿ ಅಂತ ಬರೆದಿದ್ದೆಲ್ಲ ನಿಮ್ಮದು. ನೀವು ಆರಕ್ಕೆ ಬರ್ತೀರಿ, ನೀವು ತಾಳಮದ್ದಲೆಗೆ ಹೋಗ್ತೀರಿ. ಅಡಿಕೆ ಸುಲಿಯೋ ಸೀಸನ್ನಲ್ಲಿ ಬೆಳಿಗ್ಗೆ ಐದಕ್ಕೆ ಒಲೆ ಹಚ್ಚಿ ಆಳುಗಳ ಚಾ, ಅವಲಕ್ಕಿಯಿಂದ ಹಿಡಿದು ರಾತ್ರಿ ಅಡಿಕೆ ಬೇಯಿಸೋ ಹಂಡೆಯ ತನಕ ನಿಂತಿರೋದು ಯಾರು? ಹೆಂಡತಿಯ ಹೆಸರೇ ಪೋಸ್ಟಿನಲ್ಲಿ ಇಲ್ಲ. ಅವರು ಎಂತ ಓದಿದ್ದಾರೆ, ಅವರಿಗೆ ಇಲ್ಲೇ ಇರ್ಬೇಕಾ, ಕೇಳಿದ್ದೀರಾ?

ಮತ್ತೆ ದುಡ್ಡು ಯಾವುದಕ್ಕೆ ಬೇಕು ಅಂತಲೂ ಬರೆದಿಲ್ಲ. ಸಾಲ ಇಲ್ಲ, ಮನೆ ಇದೆ. ಸುಮ್ನೆ ಆಫರ್ ಬಂತು ಅಂತ ಹೋಗೋದಾ?

ತೋಟದಂಚು:
ನಿಮ್ಮ ಪ್ರಶ್ನೆ ಸ್ವಲ್ಪ ಚುಚ್ಚಿತು, ಆದ್ರೆ ಕೇಳಿದ್ದು ಒಳ್ಳೇದಾಯ್ತು. ಅವಳು ಬಿ.ಎಡ್. ಮಾಡಿದ್ದಾಳೆ. ನಿನ್ನೆ ಕೂತು ಮಾತಾಡಿದೆವು. ಬೆಂಗಳೂರಿನ ಮೇಲೆ ಅವಳಿಗೆ ಮೋಹವೂ ಇಲ್ಲ, ಸಿಟ್ಟೂ ಇಲ್ಲ. ಎಲ್ಲಿದ್ರೂ ಪಾಠ ಮಾಡ್ಬೇಕು ಅಂದಳು. ಅತ್ತೆಗೆ ಮಂಡಿ ನೋವು ಅಂತ ಇಷ್ಟು ದಿನ ಬಾಯಿ ಬಿಟ್ಟಿರಲಿಲ್ಲ.

ದುಡ್ಡು ಯಾಕೆ ಅಂದ್ರೆ, ತೋಟದ ಭಯ. ಎಲೆಚುಕ್ಕಿ ರೋಗ ಬಂದಮೇಲೆ ನಮ್ಮ ಬೆಳೆ ಅರ್ಧ ಆಗಿದೆ. ಅಪ್ಪನಿಗೆ 67. ಮಳೆಗಾಲದಲ್ಲಿ ಕೊಳೆರೋಗದ ಔಷಧಿ ಹೊಡೆಸೋಕೆ ಕೊನೆಗೌಡರು (ಮರ ಹತ್ತುವವರು) ಸಿಗಲ್ಲ, ಸಿಕ್ಕಿದ ದಿನ ಮಳೆ ಬಿಡಲ್ಲ. ಕಳೆದ ಸಲ ಮೈಲುತುತ್ತ, ಸುಣ್ಣ ಎರಡೂ ಕದಡಿ ಡ್ರಮ್ಮಿನಲ್ಲಿ ತಯಾರು ಮಾಡಿಟ್ಟು ಸಂಜೆಯವರೆಗೆ ಆಕಾಶ ನೋಡ್ತಾ ಕೂತಿದ್ದೆವು. ಸದ್ಯ ಅಡಿಕೆಗೆ ದರ ಇದೆ, ಅದಕ್ಕೇ ಮನೆ ನಡೀತಿದೆ. ಬೆಳೆಯೂ ಹೋಗಿ ದರವೂ ಬಿದ್ರೆ?

ಲೆಕ್ಕದಭಟ್ಟ:
ಈಗ ವಿಷಯ ಬಂತು. ದರದ ವಿಷಯದಲ್ಲಿ ಭಯ ಸುಳ್ಳಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2004ರಲ್ಲೇ ಅಡಿಕೆಯನ್ನು ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿದೆ. ಆ ಕತ್ತಿ ತಲೆ ಮೇಲೆ ಯಾವಾಗಲೂ ತೂಗ್ತಾನೇ ಇರುತ್ತೆ. ಆದ್ರೆ ನೀವು ಬೆಂಗಳೂರಿಗೆ ಹೋದ್ರೆ ತೋಟ ನೋಡೋರು ಯಾರು? ಅಪ್ಪ ಒಬ್ಬರೇ. ಎರಡು ಮಳೆಗಾಲ ಔಷಧಿ ತಪ್ಪಿದ್ರೆ ಭಯಪಟ್ಟದ್ದು ನಿಮ್ಮ ಕೈಯಿಂದಲೇ ಆಗಿಹೋಗುತ್ತೆ. ಈಗ ಕಾರ್ಬನ್ ಫೈಬರ್ ದೋಟಿ (ಉದ್ದನೆಯ ಕೋಲು) ಬಂದಿದೆ, ನೆಲದ ಮೇಲೆ ನಿಂತೇ ಔಷಧಿ ಹೊಡೀಬಹುದು, ಅಡಿಕೆ ಗೊನೆ ಕೊಯ್ಯಬಹುದು. ಅದಕ್ಕೆ ದುಡ್ಡು ಹಾಕಿ. ಕಾಳುಮೆಣಸಿನ ಬಳ್ಳಿ ಎಷ್ಟು ಮರಕ್ಕೆ ಹಬ್ಬಿಸಿದ್ದೀರಿ?

ಕಾಳಿತೀರ:
ಒಂದು ಕೇಳ್ತೇನೆ. 2020ರಲ್ಲಿ ಕೊರೊನಾ ಬಂದಾಗ ನಿಮ್ಮ ಕಡೆಯ ಹುಡುಗರು ಗುಡ್ಡದ ಮೇಲೆ ನೆಟ್‌ವರ್ಕ್ ಸಿಗೋ ಜಾಗದಲ್ಲಿ ಟಾರ್ಪಲ್ ಕಟ್ಟಿಕೊಂಡು ಕೆಲಸ ಮಾಡಿದ್ರಲ್ಲ. ಈಗ ಫೈಬರ್ ಬಂದಿರಬೇಕು. ಮನೆಯಿಂದಲೇ ಕೆಲಸ ಮಾಡೋಕೆ ಕೇಳಿ ನೋಡಿದ್ರಾ? 14ರ ಬದಲು 10 ಕೊಟ್ರೂ ನಿಮಗೆ ಲಾಭವೇ ಅಲ್ವಾ.

ತೋಟದಂಚು:
ಇವತ್ತು ಫೋನ್ ಮಾಡಿದೆ. ಪೂರ್ತಿ ಆಗಲ್ಲವಂತೆ. ಆರು ತಿಂಗಳು ಪ್ರೊಬೇಷನ್ ಮುಗಿದ ಮೇಲೆ ತಿಂಗಳಲ್ಲಿ ಎರಡು ವಾರ ಮನೆಯಿಂದ ಮಾಡಬಹುದು, "ಮ್ಯಾನೇಜರ್ ಜೊತೆ ಮಾತಾಡಿಕೊಳ್ಳಿ, ಸಾಮಾನ್ಯವಾಗಿ ಬೇಡ ಅನ್ನಲ್ಲ" ಅಂದ್ರು. ಫೈಬರ್ ಇದೆ. ಕರೆಂಟ್ ಬಗ್ಗೆ ಮಾತಾಡೋದು ಬೇಡ. ಆರು ತಿಂಗಳು ನಾನೊಬ್ಬನೇ ಪಿಜಿಯಲ್ಲಿದ್ದು, ಹೆಂಡತಿ, ಮಗಳು ಇಲ್ಲೇ ಇದ್ರೆ ಹೇಗೆ ಅಂತ ಯೋಚನೆ. ಕಾಳುಮೆಣಸು ಸದ್ಯಕ್ಕೆ ಕಾಲು ಭಾಗದ ಮರಗಳಿಗೆ ಮಾತ್ರ ಇದೆ.

ಅಪ್ಪೆಮಿಡಿ:
"ಸಾಮಾನ್ಯವಾಗಿ" ಅನ್ನೋದನ್ನೆಲ್ಲ ನಂಬಬೇಡಿ, ಎರಡು ವಾರದ ಮಾತನ್ನು ಆಫರ್ ಲೆಟರ್‌ನಲ್ಲೇ ಬರೆಸಿಕೊಳ್ಳಿ. ಬರೆಯಲ್ಲ ಅಂದ್ರೆ ಅದೇ ಉತ್ತರ. ಸೇರೋದಾದ್ರೂ ಕೊಳೆ ಔಷಧಿ ಮೊದಲ ಸಲ ಹೊಡೆಸಿ ಆದಮೇಲೆ ತಾರೀಕು ಕೊಡಿ. ಮತ್ತೆ ಶಿರಸಿ ಪೇಟೆಯ ಶಾಲೆಗಳಲ್ಲಿ ಏಪ್ರಿಲ್-ಮೇನಲ್ಲಿ ಟೀಚರ್ ಕೆಲಸಕ್ಕೆ ಕರೀತಾರೆ. ಮನೆಯವರ ಅರ್ಜಿ ಈಗಲೇ ಹಾಕಿಸಿ, ನೀವು ಹೋದ್ರೂ ಸರಿ, ಬಿಟ್ರೂ ಸರಿ.