.45-70 ಶಾರ್ಪ್ಸ್, ಎರಕದ ಗುಂಡು, ಕಪ್ಪು ಮದ್ದು: ಮೂರು ಗುಂಡಿನ ನಂತರ ಚೆದುರುತ್ತಿದೆ, ಅನುಭವ ಇದ್ದವರು ಹೇಳಿ

ಅರಿಜೋನಾ ಕನ್ನಡಿಗ ಕೇಳಿದ್ದು

ಎಲ್ಲರಿಗೂ ನಮಸ್ಕಾರ. ನನ್ನ ಬಳಿ ಇರುವುದು 1874ರ ಶಾರ್ಪ್ಸ್ ರೈಫಲ್ ಮಾದರಿಯ ಇಟಲಿ ಪ್ರತಿಕೃತಿ. .45-70 ತೋಟಾ (0.45 ಇಂಚಿನ ಗುಂಡು), ನಳಿಗೆ 30 ಇಂಚು, ಒಳಗಿನ ತಿರುಚು ಗೆರೆಗಳಿಗೆ (ರೈಫ್ಲಿಂಗ್) 18 ಇಂಚಿಗೆ ಒಂದು ಸುತ್ತಿನ ತಿರುವು. ಗುಂಡು ಮನೆಯಲ್ಲೇ ಎರಕ ಹೊಯ್ದದ್ದು: 405 ಗ್ರೇನ್ (ಗ್ರೇನ್ ಅಂದರೆ ತೂಕದ ಸಣ್ಣ ಅಳತೆ), ಟೈರ್ ಬ್ಯಾಲೆನ್ಸಿಂಗ್‌ಗೆ ಹಾಕುವ ಹಳೇ ಸೀಸ, ಅಂಗಡಿಯಲ್ಲಿ ಸಿಗುವ ಗಟ್ಟಿ ಮೇಣ. 2ಎಫ್ ಗಾತ್ರದ ಕಾಳಿನ ಕಪ್ಪು ಮದ್ದು 60 ಗ್ರೇನ್, ಚಮಚದಲ್ಲಿ ಅಳೆದು ನೇರ ಕೇಸಿಗೆ (ತೋಟಾದ ಹಿತ್ತಾಳೆ ಚಿಪ್ಪಿಗೆ) ಸುರಿದದ್ದು. 100 ಗಜದಲ್ಲಿ ಮೊದಲ ಮೂರು ಗುಂಡು 2 ಇಂಚಿನೊಳಗೆ ಬೀಳುತ್ತವೆ. ಏಳನೆಯದರ ಹೊತ್ತಿಗೆ 9 ಇಂಚು ಚೆದುರುತ್ತದೆ, ಒಂದೆರಡು ತೂತು ಉದ್ದುದ್ದ ಬೇರೆ. ತೊಳೆಯುವಾಗ ನಳಿಗೆಯ ಬಾಯಿಯ ಕಡೆ ಸೀಸದ ಸಿಪ್ಪೆ ಸಿಗುತ್ತಿದೆ. ಮದ್ದು ಬದಲಿಸಲೇ, ಪ್ರಮಾಣ ಬದಲಿಸಲೇ? ಯಾವ ಕ್ರಮದಲ್ಲಿ ಪರೀಕ್ಷೆ ಮಾಡಬೇಕು?

ಕುಲುಮೆ ಉತ್ತರಿಸಿದ್ದು

ಸದ್ಯಕ್ಕೆ ಮದ್ದಿನ ತಂಟೆಗೆ ಹೋಗಬೇಡಿ ಸಾರ್. ಮೊದಲ ಮೂರು ಗುಂಡು 2 ಇಂಚಿನಲ್ಲಿ ಬೀಳುತ್ತಿವೆ ಅಂದರೆ ರೈಫಲ್‌ಗೆ ಏನೂ ಆಗಿಲ್ಲ. ನಾಲ್ಕನೆಯದರಿಂದ ಕೆಡುತ್ತಿರುವುದು ಮಸಿಯ ದೆಸೆಯಿಂದ. ಕಪ್ಪು ಮದ್ದು ಉರಿದಾಗ ಅದರ ತೂಕದ ಅರ್ಧಕ್ಕಿಂತ ಹೆಚ್ಚು ಭಾಗ ಹೊಗೆಯಾಗಿ, ಮಸಿಯಾಗಿ ಉಳಿಯುತ್ತದೆ. ಒದ್ದೆಯಾಗಿರುವ ತನಕ ಮುಂದಿನ ಗುಂಡು ಅದನ್ನು ಬಳಿದುಕೊಂಡು ಹೋಗುತ್ತದೆ. ಅರಿಜೋನಾದ ಒಣ ಗಾಳಿಯಲ್ಲಿ ಅದು ನಿಮಿಷದೊಳಗೆ ಹಕ್ಕಳೆ ಕಟ್ಟಿ ಗಟ್ಟಿಯಾಗುತ್ತದೆ. ಆಮೇಲೆ ಗುಂಡು ಓಡುವುದು ಉಕ್ಕಿನ ಮೇಲಲ್ಲ, ಹಕ್ಕಳೆಯ ಮೇಲೆ.

ಸೀಸ ಎಲ್ಲಿ ಕೂತಿದೆ ಅನ್ನುವುದು ಮುಖ್ಯ. ಚೇಂಬರಿನ (ತೋಟಾ ಕೂರುವ ಗೂಡಿನ) ಮುಂದೆಯೇ ಕೂತಿದ್ದರೆ ಗುಂಡು ಸಣ್ಣದಿದ್ದು ಬಿಸಿ ಗಾಳಿ ಪಕ್ಕದಿಂದ ನುಗ್ಗಿ ಕೊರೆದಿದೆ ಎಂದು ಅರ್ಥ. ನಿಮ್ಮದು ಬಾಯಿಯ ಕಡೆ, ಅಂದರೆ ದಾರಿ ಮುಗಿಯುವ ಮೊದಲೇ ಮೇಣ ಮುಗಿದಿದೆ. ಆ 405 ಅಚ್ಚು ಹೊಗೆಯಿಲ್ಲದ (ಇಂದಿನ) ಮದ್ದಿಗೆಂದು ಮಾಡಿದ್ದಿರಬೇಕು, ಮೇಣ ಹಿಡಿಯುವ ಗೀರುಗಳು ಕಿರಿದಾಗಿರುತ್ತವೆ. ಜೊತೆಗೆ ಅಂಗಡಿಯ ಗಟ್ಟಿ ಮೇಣದಲ್ಲಿ ಸಾಮಾನ್ಯವಾಗಿ ಪೆಟ್ರೋಲಿಯಂ ಅಂಶ ಇರುತ್ತದೆ. ಅದು ಕಪ್ಪು ಮದ್ದಿನ ಮಸಿಯ ಜೊತೆ ಸೇರಿ ಟಾರಿನಂತೆ ಅಂಟುತ್ತದೆ.

ಮನೆಯಲ್ಲೇ ಮಾಡಬಹುದಾದ ಮೇಣ: ತೂಕದಲ್ಲಿ ಜೇನುಮೇಣ 50 ಭಾಗ, ಉಪ್ಪಿಲ್ಲದ ವನಸ್ಪತಿ ಕೊಬ್ಬು 40, ಕ್ಯಾನೋಲಾ ಎಣ್ಣೆ 10. ನೇರ ಬೆಂಕಿಗೆ ಇಡದೆ, ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು ಕರಗಿಸಿ. ನಿಮ್ಮ ಕಡೆ ಬೇಸಿಗೆಯಲ್ಲಿ ಎಣ್ಣೆ 5ಕ್ಕೆ ಇಳಿಸಿ, ಆ 5 ಜೇನುಮೇಣಕ್ಕೆ ಸೇರಿಸಿ. ತೋಟಾಗಳನ್ನು ನೆರಳಲ್ಲೇ ಇಡಿ. ಬಿಸಿಲಿಗೆ ಬಿಟ್ಟರೆ ಮೇಣ ಇಳಿದು ಮದ್ದಿಗೆ ಸೇರುತ್ತದೆ.

ಮೇಣ ಸಾಕಾಗಿದೆಯೇ ಅಂತ ತಿಳಿಯಲು ಐದು ಗುಂಡು ಹೊಡೆದ ಮೇಲೆ ರೈಫಲ್ ಖಾಲಿ ಮಾಡಿ, ಬ್ರೀಚ್ (ನಳಿಗೆಯ ಹಿಂಬದಿ) ತೆರೆದಿಟ್ಟು ಬಾಯಿಯ ಅಂಚು ನೋಡಿ. ರೈಫ್ಲಿಂಗ್ ಗೆರೆಗಳ ಎದುರಿಗೆ ನಕ್ಷತ್ರದಂತೆ ಮೇಣದ ಜಿಡ್ಡು ಕಾಣಬೇಕು. ಬೂದು ಬಣ್ಣದ ಒಣ ಪುಡಿ ಇದ್ದರೆ ಸಾಲದು.

ಊದುಗೊಳವೆ

ಕುಲುಮೆಯವರು ಹೇಳಿದ್ದು ಸರಿ. ಆದರೆ ಒಳ್ಳೆ ಮೇಣ ಒಂದೇ ನಿಮ್ಮ ಹವೆಗೆ ಸಾಕಾಗಲ್ಲ. ಎರಡು ದಾರಿ ಇವೆ.

ಒಂದು, ಊದುವುದು. ಹಳೇ .45-70 ಕೇಸಿನ ಬುಡ ಕೊರೆದು ಪ್ಲಾಸ್ಟಿಕ್ ಕೊಳವೆ ಸಿಕ್ಕಿಸಿದರೆ ಊದುಗೊಳವೆ ತಯಾರು. ಗುಂಡು ಹಾರಿದ ತಕ್ಷಣ ಬ್ರೀಚ್ ತೆರೆದು, ಖಾಲಿ ಕೇಸು ಹೊರತೆಗೆದು, ಚೇಂಬರಿನ ಕಡೆಯಿಂದ ಇದನ್ನಿಟ್ಟು ನಿಧಾನವಾಗಿ ನಾಲ್ಕೈದು ಉಸಿರು ಬಿಡಬೇಕು. ಜೋರಾಗಿ ಊದಿದರೆ ಪ್ರಯೋಜನ ಇಲ್ಲ, ಹೋಗಬೇಕಾದ್ದು ಉಸಿರಿನ ತೇವ. ಬಾಯಿಯ ಕಡೆಯಿಂದ ಊದುವುದು ಬೇಡವೇ ಬೇಡ. ನಿಮ್ಮಲ್ಲಿ ಎಂಟು ಹತ್ತು ಉಸಿರು ಬೇಕಾದೀತು. ಎಷ್ಟು ಅನ್ನುವುದಕ್ಕಿಂತ ಪ್ರತಿ ಸಲ ಅಷ್ಟೇ ಅನ್ನುವುದು ಮುಖ್ಯ.

ಇನ್ನೊಂದು, ಒರೆಸುವುದು. ನೀರಿನಲ್ಲಿ ಕರಗುವ ಎಣ್ಣೆ 1 ಪಾಲು, ನೀರು 7 ಪಾಲು. ಹತ್ತಿ ಬಟ್ಟೆಯ ತುಂಡು ಅದ್ದಿ, ಹನಿ ಬೀಳದಂತೆ ಹಿಂಡಿ, ಬ್ರೀಚಿನಿಂದ ಬಾಯಿಯ ಕಡೆಗೆ ಒಂದೇ ದೂಡು. ಹಿಂದೆಯೇ ಒಣ ತುಂಡು ಒಂದು. ಚೇಂಬರನ್ನು ಬೇರೆ ಬಟ್ಟೆಯಿಂದ ಪೂರ್ತಿ ಒಣಗಿಸಿ. ಅಲ್ಲಿ ಪಸೆ ಉಳಿದರೆ ಮುಂದಿನ ಗುಂಡು ಗುಂಪು ಬಿಟ್ಟು ಹೋಗುತ್ತದೆ. ಎಷ್ಟೋ ಜನ ಆ ತಪ್ಪನ್ನು ಮದ್ದಿನ ಮೇಲೆ ಹಾಕಿ ತಿಂಗಳುಗಟ್ಟಲೆ ಈಡು ಬದಲಿಸುತ್ತಾ ಕೂರುತ್ತಾರೆ.

ಪರೀಕ್ಷೆ ನಡೆಯುವಷ್ಟು ದಿನ ಒರೆಸಿ, ಪ್ರತಿ ಗುಂಡಿಗೂ ನಳಿಗೆ ಒಂದೇ ಸ್ಥಿತಿಯಲ್ಲಿ ಸಿಗುತ್ತದೆ. ಸ್ಪರ್ಧೆಯಲ್ಲಿ ಸಮಯ ಕಡಿಮೆ ಇದ್ದಾಗ ಊದುವುದು ನೋಡಿಕೊಳ್ಳಿ. ಒಂದೇ ಗುಂಪಿನಲ್ಲಿ ಎರಡನ್ನೂ ಬೆರೆಸಬೇಡಿ.

ಸೀಸ ತವರ

ನಿಮ್ಮ ಸೀಸದ ಬಗ್ಗೆ ಯಾರೂ ಮಾತೆತ್ತಲಿಲ್ಲ. ಟೈರಿನ ಸೀಸದಲ್ಲಿ ಆಂಟಿಮನಿ ಇರುತ್ತದೆ, ಗಟ್ಟಿ. ಕಪ್ಪು ಮದ್ದಿನ ಮಜಾ ಇರುವುದೇ ಹಿಂದಿನಿಂದ ಬೀಳುವ ಹಠಾತ್ ಏಟಿಗೆ ಮೆದು ಗುಂಡು ಉಬ್ಬಿ ರೈಫ್ಲಿಂಗ್ ತುಂಬುವುದರಲ್ಲಿ. ಗಟ್ಟಿ ಗುಂಡು ಆ ಏಟಿಗೆ ಜಗ್ಗಲ್ಲ. ಉದ್ದುದ್ದ ತೂತಿನ ಅರ್ಥ ಗುಂಡು ತಿರುವು ಹಿಡಿಯದೆ ಹೊರಟು, ಅಡ್ಡಡ್ಡ ಬಡಿದಿದೆ. ಸಾಲದ್ದಕ್ಕೆ ಈಗಿನ ಟೈರ್ ತೂಕಗಳಲ್ಲಿ ಸತು ಬೆರೆತಿರುತ್ತದೆ. ಸತು ಕರಗುವುದು 419 ಡಿಗ್ರಿ ಸೆಲ್ಸಿಯಸ್‌ಗೆ. ಮಡಕೆಯನ್ನು ಅತಿಯಾಗಿ ಕಾಯಿಸಿದರೆ ಅದೂ ಕರಗಿ, ಇಡೀ ಸೀಸ ಗಂಜಿಯಂತಾಗಿ ಅಚ್ಚಿನ ಮೂಲೆ ತುಂಬುವುದಿಲ್ಲ.

ಶುದ್ಧ ಸೀಸ 20ಕ್ಕೆ ತವರ 1, ತೂಕದಲ್ಲಿ. ಗಡಸುತನ ಬ್ರಿನೆಲ್ ಮಾಪಕದಲ್ಲಿ 10ರ ಆಸುಪಾಸು ಬರುತ್ತದೆ. ಉದ್ದ ಮೂತಿಯ 500 ಗ್ರೇನಿನ ಗುಂಡಾದರೆ 16ಕ್ಕೆ 1 ಮಾಡಿ. ತೀರಾ ಮೆದುವಾದರೆ ಹೊರಡುವ ಏಟಿಗೇ ಮೂತಿ ಕುಸಿದು ಒಂದು ಪಕ್ಕಕ್ಕೆ ವಾಲುತ್ತದೆ.

ಮಡಕೆ 370ರಿಂದ 400 ಡಿಗ್ರಿ. ಕಿಟ್ಟ ಬಿಡಿಸಲು ಬಟಾಣಿಯಷ್ಟು ಜೇನುಮೇಣ ಹಾಕಿ ತಳದಿಂದ ಕಲಕಿ (ಬೆಂಕಿ ಹೊತ್ತಿಕೊಳ್ಳುತ್ತದೆ, ಗಾಬರಿ ಬೇಡ, ಮುಖ ದೂರ ಇರಲಿ). ಗುಂಡಿನ ಮೇಲೆ ಸುಕ್ಕು ಇದ್ದರೆ ಅಚ್ಚು ತಣ್ಣಗಿದೆ, ಇಲ್ಲವೇ ಎಣ್ಣೆ ಉಳಿದಿದೆ. ಪೂರ್ತಿ ಮಂಜು ಕವಿದಂತೆ ಬಿಳಿಚಿದ್ದರೆ ಬಿಸಿ ಜಾಸ್ತಿ. ಬುಡದ ಅಂಚು ಮೊನಚಾಗಿ ಬರಲೇಬೇಕು. ಮೂತಿಯಲ್ಲಿ ಚಿಕ್ಕ ಕಲೆ ಇದ್ದರೂ ನಡೆದೀತು, ಬುಡದ ಅಂಚು ಮುಕ್ಕಾಗಿದ್ದರೆ ಮಡಕೆಗೆ ವಾಪಸ್. ಎಲ್ಲವನ್ನೂ ತೂಗಿ. 500 ಗ್ರೇನಿನ ಗುಂಡಿನಲ್ಲಿ 1 ಗ್ರೇನ್ ಒಳಗಿನವು ಒಂದು ಗುಂಪು. 2 ಗ್ರೇನ್ ಹಗುರ ಇದ್ದರೆ ಒಳಗೆ ಗಾಳಿಗುಳ್ಳೆ ಇದೆ, ಹೊರಗೆ ಎಷ್ಟು ಚೆಂದ ಕಂಡರೂ ನಂಬಬೇಡಿ.

ಅಳತೆಗೆ: ಮೆದು ಸೀಸದ ತುಂಡೊಂದನ್ನು ಎಣ್ಣೆ ಹಚ್ಚಿದ ಖಾಲಿ ನಳಿಗೆಯಲ್ಲಿ ಮರದ ಗೂಟದಿಂದ ದೂಡಿ ಹೊರತೆಗೆದು ಮೈಕ್ರೋಮೀಟರಿನಲ್ಲಿ ಅಳೆಯಿರಿ. ಗ್ರೂವ್ (ರೈಫ್ಲಿಂಗ್ ಗೆರೆಯ ತಳದ ಅಳತೆ) 0.458 ಬಂದರೆ ಗುಂಡು 0.459 ಇಂಚು ಇರಲಿ. ಪ್ರತಿಕೃತಿ ನಳಿಗೆಗಳ ಅಳತೆಯನ್ನು ಪುಸ್ತಕ ನೋಡಿ ನಂಬಬಾರದು.

ಕರಗಿದ ಸೀಸದ ಹತ್ತಿರ ಒಂದು ಹನಿ ನೀರೂ ಬೇಡ, ಆವಿ ಸಿಡಿದು ಇಡೀ ಮಡಕೆ ಮೇಲೆ ಹಾರುತ್ತದೆ. ಕೆಲಸ ಬಯಲಲ್ಲಿ ಮಾಡಿ. ಕೈ ತೊಳೆಯದೆ ಊಟ, ತಿಂಡಿ, ಬೀಡಿ ಯಾವುದೂ ಇಲ್ಲ.

ಈಡಿನ ಲೆಕ್ಕ

ಈಗ ಮದ್ದು. ಮೊದಲು ಎಚ್ಚರಿಕೆ: ಮದ್ದಿನ ಮೇಲೆ ಗುಂಡಿನ ತನಕ ಗಾಳಿ ಜಾಗ ಇರಕೂಡದು. ಜಾಗ ಉಳಿದರೆ ಒತ್ತಡ ಒಂದೆಡೆ ಏರಿ ಉಕ್ಕಿನಲ್ಲಿ ಉಂಗುರದಂತೆ ಉಬ್ಬು ಬರುತ್ತದೆ, ಆ ನಳಿಗೆಯ ಕಥೆ ಮುಗಿದಂತೆ. ಕೊಡಗು, ಮಲೆನಾಡಿನ ಕೇಪಿನ ಕೋವಿಗೆ ಮದ್ದಿನ ಮೇಲೆ ತೆಂಗಿನ ನಾರು ತುರುಕಿ ಸರಳಿನಿಂದ ಜಡಿಯುವುದರ ಹಿಂದೆಯೂ ಇದೇ ಲೆಕ್ಕ. ಆದರೆ ಅಲ್ಲಿನ ಕಣ್ಣಂದಾಜಿನ ಅಳತೆ ಇಲ್ಲಿಗೆ ತರಬೇಡಿ. ಹೊಗೆಯಿಲ್ಲದ ಮದ್ದನ್ನು ಈ ಅಳತೆಗೆ ಬದಲಿಯಾಗಿ ಹಾಕುವ ಮಾತಂತೂ ಯಾವ ಕಾರಣಕ್ಕೂ ಇಲ್ಲ, ರೈಫಲ್ ಒಡೆಯುತ್ತದೆ.

ಹೆಸರಿನಲ್ಲಿರುವ 70 ಅಂದರೆ 1873ರಲ್ಲಿ ಅಮೆರಿಕದ ಸೇನೆ ಒಪ್ಪಿಕೊಂಡ 70 ಗ್ರೇನ್ ಮದ್ದು. ಅಂದಿನ ಕೇಸಿನ ಗೋಡೆ ತೆಳು. ಇಂದಿನ ಕೇಸಿನ ಬುಡ ದಪ್ಪ, ಒಳಜಾಗ ಕಡಿಮೆ. ಅದಕ್ಕೇ ಸುಮ್ಮನೆ ಸುರಿದರೆ 70 ಹಿಡಿಯಲ್ಲ. 24ರಿಂದ 30 ಇಂಚು ಉದ್ದದ ಹಿತ್ತಾಳೆ ಕೊಳವೆಯ ಮೂಲಕ ನಿಧಾನವಾಗಿ ಸುರಿದರೆ ಕಾಳುಗಳು ಒತ್ತಾಗಿ ಕೂರುತ್ತವೆ. ಮಿಕ್ಕಿದ್ದನ್ನು ಕಂಪ್ರೆಶನ್ ಡೈ (ಮದ್ದು ಒತ್ತುವ ಅಚ್ಚು) ಹಾಕಿ ಒತ್ತಬೇಕು. ಗುಂಡಿನಿಂದಲೇ ಒತ್ತಿದರೆ ಮೆದು ಸೀಸ ಸೊಟ್ಟಗಾಗುತ್ತದೆ.

ಎಷ್ಟು ಒತ್ತಬೇಕು ಅಂತ ತಿಳಿಯಲು ಕ್ಯಾಲಿಪರ್ ಸಾಕು. ಗುಂಡು ಕೇಸಿನೊಳಗೆ 0.50 ಇಂಚು ಇಳಿಯುತ್ತದೆ, ಮದ್ದಿಗೂ ಗುಂಡಿಗೂ ನಡುವೆ ಇಡುವ ಬಿಲ್ಲೆಯ ದಪ್ಪ 0.06 ಅಂದುಕೊಳ್ಳಿ. ಹಾಗಾದರೆ ಮದ್ದಿನ ಮಟ್ಟ ಕೇಸಿನ ಬಾಯಿಯಿಂದ 0.56 ಕೆಳಗಿರಬೇಕು. ಕೊಳವೆಯಿಂದ ಸುರಿದ ಮೇಲೆ 0.36ರಲ್ಲಿ ನಿಂತಿದ್ದರೆ ಒತ್ತಬೇಕಾದ್ದು 0.20 ಇಂಚು. ಗೋಯೆಕ್ಸ್ ಬ್ರ್ಯಾಂಡಿನಂಥ ಮದ್ದಿಗೆ 0.20ರಿಂದ 0.30 ತನಕ ಒತ್ತಿದರೆ ಉರಿ ಹದವಾಗಿ, ಮಸಿ ಕಡಿಮೆಯಾಗುತ್ತದೆ. ಸ್ವಿಸ್ ಬ್ರ್ಯಾಂಡಿನ ಮದ್ದು ಖಾರ ಜಾಸ್ತಿ, ಅದಕ್ಕೆ 0.10ರೊಳಗೆ ಸಾಕು, ಪ್ರಮಾಣವೂ ನಾಲ್ಕೈದು ಗ್ರೇನ್ ಕಡಿಮೆಯಿಂದ ಶುರುಮಾಡಿ. 500 ಗ್ರೇನಿನಂಥ ಉದ್ದ ಗುಂಡಿಗೆ ನನ್ನ ಮತ 1.5ಎಫ್ ಕಾಳು, ಸಿಗದಿದ್ದರೆ 2ಎಫ್ ಆದೀತು.

ಮದ್ದಿನ ಮೇಲೆ ನಾರುಹಲಗೆಯ ಬಿಲ್ಲೆ, 0.03 ಅಥವಾ 0.06 ಇಂಚು ದಪ್ಪ. ಅದು ಗುಂಡಿನ ಬುಡವನ್ನು ಬೆಂಕಿಯಿಂದ ಕಾಯುತ್ತದೆ, ಮೇಣ ಮದ್ದಿಗೆ ಇಳಿಯದಂತೆ ತಡೆಯುತ್ತದೆ. ಪ್ರೈಮರ್ (ಮದ್ದಿಗೆ ಕಿಡಿ ಕೊಡುವ ಕೇಪು) ದೊಡ್ಡ ರೈಫಲ್ ಅಳತೆಯದ್ದು, ಮ್ಯಾಗ್ನಮ್‌ನಿಂದ ಶುರು ಬೇಡ. ಕೇಸಿನ ಕತ್ತು ಗುಂಡನ್ನು ಹಿಡಿಯುವುದು ಬೆರಳಿನ ಒತ್ತಕ್ಕೆ ಜಗ್ಗುವಷ್ಟು ಇದ್ದರೆ ಸಾಕು. ಇದೇ ರೈಫಲ್‌ನಲ್ಲಿ ಹಾರಿದ ಕೇಸನ್ನು ಪೂರ್ತಿ ಉದ್ದಕ್ಕೆ ಕಿರಿದು ಮಾಡಬೇಡಿ. ಗುಂಡನ್ನು ರೈಫ್ಲಿಂಗ್‌ಗೆ ಮೃದುವಾಗಿ ತಾಗುವಷ್ಟು ಹೊರಗಿಡಿ.

ಅರಿಜೋನಾ ಕನ್ನಡಿಗ

ತುಂಬಾ ಉಪಕಾರ. ಎರಡು ಸಂಶಯ. ಇದೇ ತೋಟಾ ಸ್ನೇಹಿತರ ಲೀವರ್ ರೈಫಲ್‌ಗೂ ಆಗುತ್ತದೆಯೇ? ಕ್ರೋನೋಗ್ರಾಫ್ (ಗುಂಡಿನ ವೇಗ ಅಳೆಯುವ ಯಂತ್ರ) ಇದೆ, ಆದರೆ ಏನೇನೋ ಅಂಕಿ ತೋರಿಸುತ್ತದೆ.

ಈಡಿನ ಲೆಕ್ಕ

ಲೀವರ್‌ಗೆ ಇದೇ ತೋಟಾ ಬೇಡ. ಕೊಳವೆ ಮ್ಯಾಗಜೀನಿನಲ್ಲಿ ಒಂದರ ಮೂತಿ ಇನ್ನೊಂದರ ಪ್ರೈಮರಿಗೆ ತಾಗಿರುತ್ತದೆ, ಏಟಿಗೆ ಸಿಡಿದೀತು. ಅಲ್ಲಿಗೆ ಚಪ್ಪಟೆ ಮೂತಿ, ಗಟ್ಟಿ ಕ್ರಿಂಪ್ (ಕೇಸಿನ ಬಾಯಿ ಅಮುಕಿ ಗುಂಡು ಹಿಡಿಸುವುದು), ಒಟ್ಟು ಉದ್ದವೂ ಕಡಿಮೆ.

ಕುಲುಮೆ

ಬೆಳಕಿನ ಸೆನ್ಸರ್‌ನ ಕ್ರೋನೋಗ್ರಾಫ್ ಹತ್ತಿರ ಇಟ್ಟರೆ ಹೊಗೆಯನ್ನೋ ಹಾರಿದ ಬಿಲ್ಲೆಯನ್ನೋ ಓದುತ್ತದೆ. 15 ಅಡಿ ಆಚೆಗಿಡಿ. 500 ಗ್ರೇನಿನ ಗುಂಡು ಸೆಕೆಂಡಿಗೆ 1150ರಿಂದ 1200 ಅಡಿ ಹೋದರೆ ಸಾಕು, ವೇಗದ ಹಿಂದೆ ಬೀಳಬೇಡಿ. ಹತ್ತು ಗುಂಡಿನಲ್ಲಿ ಅತಿ ಹೆಚ್ಚು ಮತ್ತು ಅತಿ ಕಡಿಮೆ ವೇಗದ ಅಂತರ 20 ಅಡಿಯೊಳಗೆ ಬಂದರೆ ಒಳ್ಳೆ ಈಡು. ಲೋಹದ ಬೊಂಬೆಗಳ ಸ್ಪರ್ಧೆಯಲ್ಲಿ ಕೋಳಿ 200 ಮೀಟರಿನಲ್ಲಿದ್ದರೆ ಟಗರು 500 ಮೀಟರಿನಲ್ಲಿರುತ್ತದೆ. 200ರಲ್ಲಿ ಗೊತ್ತೇ ಆಗದ ವೇಗದ ವ್ಯತ್ಯಾಸ 500ರಲ್ಲಿ ಟಗರಿನ ಬೆನ್ನ ಮೇಲಿಂದ ಹಾರಿಹೋಗುತ್ತದೆ.

ಕ್ರಮ ಕೇಳಿದಿರಲ್ಲ: ಮೊದಲು ಗುಂಡು, ಸೀಸ, ಮೇಣ ಮೂರನ್ನೂ ಮೇಲೆ ಹೇಳಿದಂತೆ ಸರಿಪಡಿಸಿ, ಪ್ರತಿ ಗುಂಡಿಗೆ ಒರೆಸುತ್ತಾ 65 ಗ್ರೇನಿನಲ್ಲಿ ಹತ್ತು ಹೊಡೆಯಿರಿ. ಮೂರು ಗುಂಡಿನ ಗುಂಪು ಯಾವುದನ್ನೂ ಹೇಳಲ್ಲ, ನಿಮ್ಮ ಮೊದಲ ಮೂರೇ ಸಾಕ್ಷಿ. ಆಮೇಲೆ ಒತ್ತುವ ಪ್ರಮಾಣ ಮಾತ್ರ 0.05ರಂತೆ ಬದಲಿಸಿ, ಮದ್ದು ಅಷ್ಟೇ ಇರಲಿ. ಗುಂಡು ಕೂರುವ ಆಳ ಬದಲಾಗದಂತೆ ಬಿಲ್ಲೆಯ ದಪ್ಪದಲ್ಲಿ ಸರಿದೂಗಿಸಿ. ಅದು ಗೊತ್ತಾದ ಮೇಲೆ ಮದ್ದನ್ನು 1 ಗ್ರೇನ್‌ನಂತೆ ಏರಿಸಿ. ಪ್ರೈಮರ್ ಕೊನೆಗೆ. ರೈಫಲ್ ಮುಂಭಾಗ ಆಸರೆಯ ಮೇಲೆ ಪ್ರತಿ ಸಲ ಅದೇ ಜಾಗದಲ್ಲಿ ಕೂರಲಿ, ನಳಿಗೆಯನ್ನೇ ಊರಬೇಡಿ.

ಊದುಗೊಳವೆ

ತೊಳೆಯುವುದು ಅದೇ ದಿನ. ಮಸಿ ಗಾಳಿಯ ತೇವ ಹೀರಿಕೊಂಡು ರಾತ್ರಿ ಬೆಳಗಾಗುವುದರೊಳಗೆ ತುಕ್ಕು ತರುತ್ತದೆ. ಬಿಸಿನೀರು, ಒಂದು ಹನಿ ಪಾತ್ರೆ ತೊಳೆಯುವ ಸೋಪು, ಬಟ್ಟೆ ಬೆಳ್ಳಗೆ ಬರುವ ತನಕ, ಒಣಗಿಸಿ ಎಣ್ಣೆ. ಮಾರನೇ ದಿನ ಮತ್ತೊಂದು ಬಟ್ಟೆ ಹಾಯಿಸಿ ನೋಡಿ, ಕಂದು ಬಂದರೆ ಇನ್ನೊಮ್ಮೆ. ಬ್ರೀಚ್ ಬ್ಲಾಕ್ ಕಳಚಿ ಒರೆಸಿ. ಕೇಸುಗಳ ಪ್ರೈಮರನ್ನು ಮೈದಾನದಲ್ಲೇ ತೆಗೆದು ಸೋಪುನೀರಿನ ಡಬ್ಬಕ್ಕೆ ಹಾಕಿ, ಮನೆಗೆ ಬಂದು ತೊಳೆದು ಪೂರ್ತಿ ಒಣಗಿಸಿ. ಪ್ರೈಮರ್ ಗುಂಡಿಯಲ್ಲಿ ನೀರು ಉಳಿದ ಕೇಸು ಮುಂದಿನ ಸಲ ಠುಸ್ ಅನ್ನುತ್ತದೆ. ಹಾಗೆ ಅಂದಾಗ ಬ್ರೀಚ್ ತಕ್ಷಣ ತೆರೆಯದೆ, ಬಾಯಿ ಗುರಿಯ ಕಡೆಗೇ ಇಟ್ಟು ಪೂರಾ ಒಂದು ನಿಮಿಷ ಕಾಯಿರಿ. ಆಮೇಲೆ ತೋಟಾ ಹೊರತೆಗೆದು, ಮುಂದಿನದನ್ನು ತುಂಬುವ ಮೊದಲು ನಳಿಗೆಯಲ್ಲಿ ಗುಂಡು ಸಿಕ್ಕಿಲ್ಲ ಅಂತ ಸರಳು ಹಾಕಿ ಖಾತ್ರಿ ಮಾಡಿಕೊಳ್ಳಿ.