ಅಪ್ಪಂಗೆ ಕಾಯಿಲೆ ಹೆಸ್ರು ಹೇಳಿಲ್ಲ, ಈಗ ವೆಂಟಿಲೇಟರ್ ಬೇಕಾ ಅಂತ ಕೇಳ್ತಿದಾರೆ

ಆಲೂರ್ ಹುಡ್ಗ
ಅಪ್ಪಂಗೆ 71 ವರ್ಷ, ಶ್ವಾಸಕೋಶದ ಕ್ಯಾನ್ಸರ್, ಲಿವರ್‌ಗೂ ಹೋಗಿದೆ. ಬೆಂಗಳೂರಲ್ಲಿ ಇನ್ನು ಕೀಮೋ ಬೇಡ, ಊರ ಹತ್ರಾನೇ ನೋಡ್ಕೊಳ್ಳಿ ಅಂದ್ರು, ಈಗ ಹಾಸನದಲ್ಲಿ ಅಡ್ಮಿಟ್ ಮಾಡಿದೀವಿ. ಅವ್ರಿಗೆ ಎದೇಲಿ ನೀರ್ ತುಂಬಿದೆ ಅಂತಷ್ಟೇ ಹೇಳಿರೋದು. ಉಸಿರಾಟ ಜಾಸ್ತಿ ಕಷ್ಟ ಆದ್ರೆ ವೆಂಟಿಲೇಟರ್ ಹಾಕ್ಬೇಕಾ ಬೇಡ್ವಾ ಮನೆಯವ್ರು ತೀರ್ಮಾನ ಮಾಡಿ ಅಂತಾರೆ ಡಾಕ್ಟ್ರು, ಅಣ್ಣ ದುಡ್ಡಿನ ಮುಖ ನೋಡ್ಬೇಡ ಎಲ್ಲಾ ಮಾಡ್ಸೋಣ ಅಂತಾನೆ, ಅಕ್ಕ ಮನೆಗೆ ಕರ್ಕೊಂಡ್ ಹೋಗೋಣ ಅಂತಾಳೆ, ಅಮ್ಮಂಗೆ ಇದ್ಯಾವ್ದೂ ಬೇಡ, ಧರ್ಮಸ್ಥಳದ ತೀರ್ಥ ಕುಡ್ಸಕ್ಕೆ ಬಿಡ್ತಾರಾ ಕೇಳು ಅಂತ ಒಂದೇ ಹಠ. ಫಾರಿನ್ ಆಸ್ಪತ್ರೆಗಳಲ್ಲಿ ಇಂಥದಕ್ಕೆ ಕೂತು ಮಾತಾಡೋಕೆ ಅಂತಾನೇ ಜನ ಇರ್ತಾರಂತೆ, ನಮ್ ಕಡೆ ಯಾರನ್ನ ಕೇಳೋದು?

ನೈಟ್ ಡ್ಯೂಟಿ ಸಿಸ್ಟರ್
ಚಿಕ್ಕಮಗಳೂರಲ್ಲಿ ಸ್ಟಾಫ್ ನರ್ಸ್ ನಾನು. ಮೊದ್ಲು ತೀರ್ಥದ ವಿಷ್ಯ. ನುಂಗಕ್ಕೆ ಕಷ್ಟ ಇದ್ರೆ ಬಾಯಿಗೆ ಹುಯ್ಬೇಡಿ, ಶ್ವಾಸನಾಳಕ್ಕೆ ಹೋಗತ್ತೆ. ಹತ್ತಿ ಅದ್ದಿ ತುಟಿ ಒರೆಸಿ, ಅಮ್ಮನ ಕೈಯಲ್ಲೇ ಮಾಡ್ಸಿ. ಹಣೆಗೆ ಕುಂಕುಮ ಇಟ್ರೆ ಯಾರೂ ಬೇಡ ಅನ್ನಲ್ಲ, ದೀಪ ಊದುಬತ್ತಿ ಮಾತ್ರ ಬೇಡ್ವೇ ಬೇಡ, ಆಕ್ಸಿಜನ್ ಇರತ್ತೆ.
ಮಿಷನ್ ಆಸ್ಪತ್ರೆಗಳಲ್ಲಿ ಸಿಸ್ಟರ್‌ಗಳು, ಫಾದರ್ ಬಂದು ಪಕ್ಕ ಕೂರೋದುಂಟು. ದೊಡ್ಡ ಆಸ್ಪತ್ರೆಗಳಲ್ಲಿ ಮೆಡಿಕಲ್ ಸೋಶಿಯಲ್ ವರ್ಕರ್ ಇರ್ತಾರೆ, ವಾರ್ಡ್ ಇನ್‌ಚಾರ್ಜ್ ಹತ್ರ ಕೇಳಿ. ಡಾಕ್ಟ್ರನ್ನ ರೌಂಡ್ಸ್‌ನಲ್ಲಿ ಹಿಡ್ಕೊಂಡ್ರೆ ಪ್ರಯೋಜ್ನ ಇಲ್ಲ, ಮೂರೂ ಮಕ್ಳು ಒಟ್ಟಿಗೆ ಬರ್ತೀವಿ ಹತ್ ನಿಮಿಷ ಕೊಡಿ ಅನ್ನಿ.
ಇನ್ನೊಂದು, ನೀವು ಹೇಳ್ದೆ ಇದ್ರೆ ಅವ್ರು ಸುಮ್ನಿರ್ತಾರೆ ಅನ್ಕೊಂಡಿದೀರಾ? ರಾತ್ರಿ ಮೂರ್ ಗಂಟೆಗೆ ಡ್ರಿಪ್ ಚೇಂಜ್ ಮಾಡ್ವಾಗ ಮಣಿಕಟ್ಟು ಹಿಡ್ಕೊಂಡು 'ಸಿಸ್ಟರ್, ನೀವಾದ್ರೂ ನಿಜ ಹೇಳಿ' ಅಂತ ನಮ್ಮನ್ನ ಕೇಳ್ತಾರೆ.

ಕೊಟ್ಟಿಗೆಹಾರ
ನಾನು ಒಪ್ಪಲ್ಲ ಮಾರಾಯ್ರೆ. ನಮ್ ಚಿಕ್ಕಪ್ಪಂಗೆ ಹೇಳಿದ್ದೇ ಹೇಳಿದ್ದು, ಅವತ್ತಿಂದ ಊಟಾನೇ ಬಿಟ್ರು. ಹಳೇ ಕಾಲದವ್ರಿಗೆ ಕ್ಯಾನ್ಸರ್ ಅನ್ನೋ ಹೆಸ್ರೇ ಸಾಕು.

ಬೇಲೂರ್ ಬಸ್‌ಸ್ಟ್ಯಾಂಡ್
@ಕೊಟ್ಟಿಗೆಹಾರ ನೀವು ಹೇಳೋದ್ರಲ್ಲೂ ಅರ್ಥ ಇದೆ, ಧಡಕ್ಕಂತ ಹೇಳೋದು ತಪ್ಪು. ಆದ್ರೆ 'ಅಪ್ಪಾ, ನಿಂಗೇನ್ ಅನ್ನಿಸ್ತಿದೆ, ಡಾಕ್ಟ್ರು ಹೇಳಿದ್ನ ಪೂರ್ತಿ ಹೇಳ್ಲಾ?' ಅಂತ ಕೇಳ್ಬೋದಲ್ಲ. ಬೇಡ ಅಂದ್ರೆ ಬಿಟ್ಬಿಡಿ, ಅದೂ ಅವ್ರ ಇಷ್ಟಾನೇ. ಹೇಳು ಅಂದ್ರೆ ವೆಂಟಿಲೇಟರ್ ಮಾತೂ ಅವ್ರನ್ನೇ ಕೇಳಿ. ಅವ್ರ ಮೈ, ಅವ್ರಿಗೆ ಪ್ರಜ್ಞೆ ಚೆನ್ನಾಗಿದೆ, ನೀವು ಅಣ್ಣ ತಮ್ಮ ಕಾರಿಡಾರಲ್ಲಿ ನಿಂತು ಜಗಳ ಆಡೋದೇನಕ್ಕೆ?
ಕಾನೂನೂ ಇದೇ ಹೇಳೋದು. ಘನತೆಯಿಂದ ಸಾಯೋ ಹಕ್ಕನ್ನ ಸುಪ್ರೀಂ ಕೋರ್ಟ್ 2018ರಲ್ಲಿ ಒಪ್ಕೊಂಡು ಲಿವಿಂಗ್ ವಿಲ್‌ಗೂ (ಮುಂದೆ ಪ್ರಜ್ಞೆ ತಪ್ಪಿದ್ರೆ ಯಾವ ಚಿಕಿತ್ಸೆ ಬೇಡ ಅಂತ ಮೊದ್ಲೇ ಬರ್ದಿಡೋ ಪತ್ರ) ಅವಕಾಶ ಕೊಡ್ತು, 2023ರಲ್ಲಿ ನಿಯಮ ಸುಲಭ ಮಾಡ್ತು: ಇಬ್ರು ಸಾಕ್ಷಿ, ನೋಟರಿ ಅಥ್ವಾ ಗೆಜೆಟೆಡ್ ಆಫೀಸರ್ ಸಹಿ ಇದ್ರೆ ಸಾಕು. 2025ರ ಜನವರೀಲಿ ಕರ್ನಾಟಕ ಸರ್ಕಾರಾನೂ ಆದೇಶ ಮಾಡಿದೆ. ಲಿವಿಂಗ್ ವಿಲ್ ಇಲ್ದೇ ರೋಗಿ ಪ್ರಜ್ಞೆ ತಪ್ಪಿದ್ರೆ ಮನೆಯವ್ರ ಒಪ್ಪಿಗೆ ಜೊತೆ ಮೂರ್ ಮೂರ್ ಡಾಕ್ಟರ್‌ಗಳ ಎರಡು ಬೋರ್ಡ್ ನೋಡ್ಬೇಕು. ಅಪ್ಪ ಮಾತಾಡೋ ಸ್ಥಿತೀಲಿ ಇದಾರಲ್ಲ, ಈಗ್ಲೇ ಕೇಳ್ಬಿಡಿ.
ಮನೆಗೇ ಅಂತ ಆದ್ರೆ ಸುಮ್ನೆ ಸೈನ್ ಹಾಕಿ ಕರ್ಕೊಂಡ್ ಬರ್ಬೇಡಿ, ಆಕ್ಸಿಜನ್, ಔಷಧಿ ಎಲ್ಲಾ ಕೇಳ್ಕೊಂಡು ಬನ್ನಿ.

ಮಲ್ಲಂದೂರು ರಸ್ತೆ
ನಮ್ ಅಬ್ಬಾ ವಾರ್ಡಲ್ಲಿ ಇದ್ದಾಗ ಕುರಾನಿನ ಯಾಸೀನ್ ಅಧ್ಯಾಯ ಓದಕ್ಕೆ ಯಾರೂ ತಡೀಲಿಲ್ಲ, ಮೆಲ್ಲಗೆ ಓದಿ ಅಂದ್ರು ಅಷ್ಟೇ. ನೀವೂ ಒಂದಿನ ಮನೆಗೋಗಿ ನಿದ್ದೆ ಮಾಡಿ. ತೀರಾ ತಡ್ಕೊಳಕ್ಕೆ ಆಗ್ಲಿಲ್ಲ ಅಂದ್ರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ ಫೋನ್ ಮಾಡಿ, 14416, ಫ್ರೀ, ಕನ್ನಡದಲ್ಲೇ ಮಾತಾಡ್ತಾರೆ.

ಆಲೂರ್ ಹುಡ್ಗ
ಎಲ್ರಿಗೂ ಥ್ಯಾಂಕ್ಸ್. ನಾಳೆ ಒಪಿಡಿ ಮುಗಿದ್ಮೇಲೆ ಡಾಕ್ಟ್ರು ಟೈಮ್ ಕೊಟ್ಟಿದಾರೆ, ಅಣ್ಣಾನೂ ಬರ್ತಾನೆ. ಸಿಸ್ಟರ್, ದಮ್ಮಿಗೆ ಮಾರ್ಫಿನ್ ಕೊಡ್ಬೋದು ಅಂದ್ರು, ಅದು ಕೊಟ್ರೆ ಬೇಗ ಹೋಗ್ಬಿಡ್ತಾರೆ ಅಂತಾನೆ ಅಣ್ಣ, ಹೌದಾ?

ನೈಟ್ ಡ್ಯೂಟಿ ಸಿಸ್ಟರ್
ಇಲ್ಲಪ್ಪ. ಡಾಕ್ಟ್ರು ಬರ್ದಿರೋ ಅಳತೇಲಿ ಕೊಟ್ರೆ ಅದ್ರಿಂದ ಬೇಗ ಸಾಯಲ್ಲ, ಉಸಿರುಗಟ್ಟೋ ಸಂಕಟ ಕಮ್ಮಿ ಆಗತ್ತೆ. ಮಲಬದ್ಧತೆ ಗ್ಯಾರಂಟಿ ಬರತ್ತೆ, ಅದಕ್ಕೂ ಜೊತೇಲೇ ಔಷಧಿ ಬರ್ಸ್ಕೊಳಿ. ಒಂದು ಸಣ್ಣ ಫ್ಯಾನ್ ತಂದು ಮುಖಕ್ಕೆ ಗಾಳಿ ಬರೋ ಹಾಗಿಡಿ, ಬೆನ್ನಿಗೆ ಎರಡು ದಿಂಬು ಕೊಟ್ಟು ಎತ್ರಿಸಿ ಕೂರ್ಸಿ.